ಕೆಂಪು ವೈರ್ ಪ್ಲಸ್ ಅಲ್ಲ: ಅಳಿಯನ ವಿಮಾನಕ್ಕೆ ಎಂಜಿನ್ ಮೀಟರ್ ಮಾಡಿದ ಹತ್ತು ತಿಂಗಳು

ಕಳೆದ ಭಾನುವಾರ ಬೆಳಗಿನ ಜಾವ ಎರಡೂವರೆಗೆ ಫೋನ್ ಬಂತು. ಅಮೆರಿಕದಲ್ಲಿ ಆಗ ಶನಿವಾರ ಮಧ್ಯಾಹ್ನ. ಅಕ್ಕನ ಮಗ ತಾನೇ ಕಟ್ಟಿದ ಎರಡು ಸೀಟಿನ ವಿಮಾನದ ಎಂಜಿನ್ ಮೊದಲ ಸಲ ಚಾಲೂ ಮಾಡುವುದರಲ್ಲಿದ್ದ. ಅದರ ಪ್ಯಾನೆಲ್‌ನಲ್ಲಿ ಒಂದು ಅಲ್ಯೂಮಿನಿಯಂ ಡಬ್ಬಿ ಇದೆ. ನಾಲ್ಕೂ ಸಿಲಿಂಡರ್ ಹೆಡ್‌ಗಳ ಬಿಸಿ, ಸೈಲೆನ್ಸರ್ ಕಡೆ ಹೋಗುವ ಹೊಗೆಯ ಬಿಸಿ, ಮ್ಯಾನಿಫೋಲ್ಡ್ (ಎಂಜಿನ್ ಒಳಗೆ ಗಾಳಿ ಹೋಗುವ ಕೊಳವೆ) ಒತ್ತಡ, ಬ್ಯಾಟರಿ ವೋಲ್ಟೇಜ್ ಇಷ್ಟನ್ನೂ ತೋರಿಸುತ್ತದೆ. ಆ ಡಬ್ಬಿ ಮಾಡಿದ್ದು ನಾನು, ಶಿವಮೊಗ್ಗದ ನನ್ನ ಯುಪಿಎಸ್ ರಿಪೇರಿ ಅಂಗಡಿಯಲ್ಲಿ. ಯುಗಾದಿ ಕಳೆದ ಮೇಲೆ ಶುರು ಮಾಡಿದ್ದು. ಕೆಲಸಕ್ಕೆ ಬಂದಾಗ ಸಂಕ್ರಾಂತಿ ದಾಟಿತ್ತು.

ಇಂಥ ಕೆಲಸಕ್ಕೆ ಕೈ ಹಾಕುವ ಹುಡುಗರು ನಮ್ಮ ಕಡೆ ಈಗ ಇದ್ದಾರೆ. ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ ಆದ ಮೇಲೆ ಡಿಪ್ಲೊಮಾ ಹುಡುಗರು ಅಂಗಡಿಗೆ ಬಂದು ವಿಮಾನದ ಎಲೆಕ್ಟ್ರಾನಿಕ್ಸ್ ಬಗ್ಗೆ ಕೇಳುವುದು ಜಾಸ್ತಿಯಾಗಿದೆ. ನಾನು ಎಡವಿದ ಕಡೆ ಅವರು ಎಡವಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಅಳಿಯನ ವಿಮಾನದ್ದು ಲೈಕಮಿಂಗ್ ಓ-320, ನಾಲ್ಕು ಸಿಲಿಂಡರಿನ ಎಂಜಿನ್. ಅಮೆರಿಕದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಕ್ಕೆ 'ಎಕ್ಸ್‌ಪೆರಿಮೆಂಟಲ್' ಅಂತ ಬೇರೆ ವರ್ಗವೇ ಇದೆ. ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳೇ, ಕಲಿಯುವುದಕ್ಕೋ ಖುಷಿಗೋ ಮಾಡಿರಬೇಕು. ಇದನ್ನು ಅಲ್ಲಿ 51 ಪರ್ಸೆಂಟ್ ರೂಲ್ ಅನ್ನುತ್ತಾರೆ. ಅಂಥ ವಿಮಾನಕ್ಕೆ ಎಂಜಿನ್ ಮೀಟರ್ ಮನೆಯಲ್ಲೇ ಮಾಡಿಕೊಳ್ಳಬಹುದು. ನೆಲದ ರೇಡಾರ್‌ಗೆ ವಿಮಾನದ ಗುರುತು ಹೇಳುವ ಟ್ರಾನ್ಸ್‌ಪಾಂಡರ್ ಮಾತ್ರ ಹಾಗಲ್ಲ. ಅದು ನಿಗದಿತ ಗುಣಮಟ್ಟದ್ದೇ ಆಗಬೇಕು, 24 ತಿಂಗಳಿಗೊಮ್ಮೆ ಪರೀಕ್ಷೆಯೂ ಆಗಬೇಕು. ಅದರ ತಂಟೆಗೆ ನಾವು ಹೋಗಲಿಲ್ಲ.

"ಮಾವ, ರೆಡಿ ಡಬ್ಬಿಗೆ ಒಂದೂವರೆ ಲಕ್ಷದ ಮೇಲೆ ಆಗುತ್ತೆ. ನೀವೇ ಮಾಡಿಕೊಡಿ. ನಿಮ್ಮ ಕೈಯದ್ದು ಒಂದು ಅದರಲ್ಲಿ ಇರಲಿ" ಅಂದ. ಅವನು ಎಂಟನೇ ಕ್ಲಾಸಿನಲ್ಲಿ ನನ್ನ ಅಂಗಡಿಯಲ್ಲೇ ಬೆಸುಗೆ ಹಾಕುವುದು ಕಲಿತವನು. ಒಪ್ಪಿಕೊಂಡೆ. ಅದೇ ದಿನ ಸಾಗರದಿಂದ ಅಕ್ಕ ಫೋನ್ ಮಾಡಿದಳು. "ನೋಡು ಮಾರಾಯ, ಅವನು ಕೂತು ಹಾರುವುದು ಅದು. ಸುಮ್ನೆ ಏನೋ ಒಂದು ಮಾಡಿ ಕಳಿಸಬೇಡ" ಅಂದಳು. ಆ ಮಾತು ಹತ್ತು ತಿಂಗಳೂ ನನ್ನ ಟೇಬಲ್ ಮೇಲೆ ಇತ್ತು. ನಾನು ಮೊದಲು ಹಾಕಿದ ಷರತ್ತೂ ಅದಕ್ಕೇ: ಎಂಜಿನ್ ಆಯಿಲ್ ಪ್ರೆಶರ್ ಮತ್ತು ಆಯಿಲ್ ಬಿಸಿಗೆ ಬೇರೆ ಕಂಪನಿ ಮೀಟರ್ ಇರಬೇಕು. ನನ್ನ ಡಬ್ಬಿ ಪೂರ್ತಿ ಸತ್ತರೂ ವಿಮಾನ ಇಳಿಸುವುದಕ್ಕೆ ತೊಂದರೆ ಆಗಬಾರದು.

ಮೊದಲ ಎರಡು ತಿಂಗಳು ಬರೀ ಕಾಯುವುದಾಯಿತು. ಬಿಸಿ ಅಳೆಯಲು ಕೆ-ಟೈಪ್ ಥರ್ಮೋಕಪಲ್, ಅದನ್ನು ಓದಲು ಮ್ಯಾಕ್ಸ್ 31855 ಅನ್ನುವ ಚಿಪ್ ಅಂತ ತೀರ್ಮಾನ ಮಾಡಿದ್ದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಕ್ಕ ಚಿಪ್‌ಗಳಲ್ಲಿ ಎರಡು ಒಂದೇ ಬಿಸಿಗೆ ಆರು ಡಿಗ್ರಿ ವ್ಯತ್ಯಾಸ ತೋರಿಸಿದವು. ಅಸಲಿಯೋ ನಕಲಿಯೋ ಹೇಳುವವರಿಲ್ಲ. ಹಾಗಾಗಿ ವಿದೇಶದ ಒಬ್ಬ ದೊಡ್ಡ ವಿತರಕರಿಂದ ತರಿಸಿದೆ. ಆರ್ಡರ್ ಹಾಕುವಾಗ ಯಾವ ಉಪಯೋಗಕ್ಕೆ ಅಂತ ಕೇಳುತ್ತಾರೆ. 'ಏರ್‌ಕ್ರಾಫ್ಟ್ ಎಂಜಿನ್' ಅಂತಷ್ಟೇ ಬರೆದೆ. ಆರ್ಡರ್ ತನಿಖೆಗೆ ಹೋಯಿತು, 19 ದಿನ ಅಲ್ಲೇ ನಿಂತಿತು. ಕೊನೆಗೆ ಪೂರ್ತಿ ವಿವರ ಬರೆದು ಕಳಿಸಿದೆ: ಸ್ವಂತಕ್ಕೆ ಕಟ್ಟಿದ ಎರಡು ಸೀಟಿನ ವಿಮಾನ, ಒಂದೇ ಒಂದು ಡಬ್ಬಿ, ಮಾರಾಟಕ್ಕಲ್ಲ, ಸೇನೆಗೂ ಸಂಬಂಧ ಇಲ್ಲ, ಬರೀ ಬಿಸಿ ತೋರಿಸುವ ಮೀಟರ್. ಎರಡೇ ದಿನಕ್ಕೆ ಬಿಟ್ಟರು. ನೀವು ಹಾಕುವಾಗ ನಿಜವನ್ನೇ ಬರೆಯಿರಿ, ಆದರೆ ಮೊದಲ ಸಲವೇ ಪೂರ್ತಿ ಬರೆಯಿರಿ. ಕೊರಿಯರ್‌ನವರು ಆಧಾರ್, ಪ್ಯಾನ್ ಕೇಳಿದರು, ಕಸ್ಟಮ್ಸ್ ಸುಂಕ ಕಟ್ಟಿಸಿಕೊಂಡರು. ಸಾಮಾನು ಕೈಗೆ ಬಂದಾಗ ಮೇ ಕೊನೆ.

ಇನ್ನು ಕೆಂಪು ವೈರಿನ ಕಥೆ. ನಡೆದದ್ದು ಜೂನ್‌ನಲ್ಲಿ, ಗೊತ್ತಾಗಿದ್ದು ನವೆಂಬರ್‌ನಲ್ಲಿ. ಇದೊಂದನ್ನು ಮಾತ್ರ ನಿಧಾನಕ್ಕೆ ಓದಿ.

ಥರ್ಮೋಕಪಲ್ ಅಂದರೆ ಎರಡು ಬೇರೆ ಲೋಹದ ತಂತಿಗಳ ಜೋಡಣೆ. ಒಂದು ತುದಿ ಬಿಸಿಯಾಗಿ ಇನ್ನೊಂದು ತುದಿ ತಣ್ಣಗಿದ್ದರೆ ಸಣ್ಣ ವೋಲ್ಟೇಜ್ ಬರುತ್ತದೆ. ಕೆ-ಟೈಪ್‌ನಲ್ಲಿ ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಎಂಜಿನ್‌ನಿಂದ ಡಬ್ಬಿವರೆಗೂ ಅದೇ ಲೋಹದ ಎಕ್ಸ್‌ಟೆನ್ಶನ್ ವೈರ್ ಹಾಕಬೇಕು, ತಾಮ್ರದ್ದು ನಡೆಯಲ್ಲ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಬಣ್ಣ. ಅಮೆರಿಕದ ಪದ್ಧತಿಯಲ್ಲಿ ಕೆ-ಟೈಪ್‌ಗೆ ಹಳದಿ ಮತ್ತು ಕೆಂಪು ವೈರ್ ಇರುತ್ತದೆ. ಅದರಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. 25 ವರ್ಷ ಬ್ಯಾಟರಿ ಜೊತೆ ಬದುಕಿದ ಕೈ ನನ್ನದು, ಕೆಂಪನ್ನು ನೇರ ಪ್ಲಸ್‌ಗೆ ಹಾಕಿತು. ಬಿಸಿ ಮಾಡಿದರೆ ರೀಡಿಂಗ್ ಇಳಿಯತೊಡಗಿತು. ಉಲ್ಟಾ ಆಗಿದೆ ಅಂತ ತಿಳಿಯಿತು. ಆಗ ಡಬ್ಬಿ ಹತ್ತಿರ ಅದಲುಬದಲು ಮಾಡುವ ಬದಲು, ಕೈಗೆ ಸುಲಭ ಸಿಕ್ಕಿದ ಕಡೆ, ಅಂದರೆ ಪ್ರೋಬ್ (ಬಿಸಿ ಜಾಗಕ್ಕೆ ಇಡುವ ಥರ್ಮೋಕಪಲ್ ಕಡ್ಡಿ) ಮತ್ತು ಎಕ್ಸ್‌ಟೆನ್ಶನ್ ಸೇರುವ ಕಡೆ ಬದಲಿಸಿದೆ.

ರೀಡಿಂಗ್ ಸರಿ ಬಂತು. ಮಂಜುಗಡ್ಡೆ ನೀರಿನಲ್ಲಿ ಸೊನ್ನೆ. ಕುದಿಯುವ ನೀರಿನಲ್ಲಿ 98. ನೂರು ಬರಬೇಕಿತ್ತಲ್ಲ ಅಂತ ಒಂದು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು, ಶಿವಮೊಗ್ಗ ಸಮುದ್ರ ಮಟ್ಟಕ್ಕಿಂತ ಸುಮಾರು 570 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದೇ 98 ಡಿಗ್ರಿಗೆ. ಇನ್ನೂ ಮೇಲಿನ ಬಿಸಿಗೆ ಬೆಸುಗೆ ಸೀಸವನ್ನೇ ಬಳಸಿದೆ. 63/37 ಸೋಲ್ಡರ್ (63 ಪಾಲು ತವರ, 37 ಪಾಲು ಸೀಸ) 183 ಡಿಗ್ರಿಗೆ ಸರಿಯಾಗಿ ಕರಗುತ್ತದೆ. ಅಂಗಡಿಯಲ್ಲಿ ಇರುವ ವಸ್ತುವೇ ಅಳತೆಗೋಲು. ಅದೂ ಹೊಂದಿತು. ನಾನು ಖುಷಿಯಾಗಿ ಡ್ರಾಯಿಂಗ್‌ನಲ್ಲಿ ಹಾಗೇ ಬರೆದುಕೊಂಡೆ. ಆ ಡ್ರಾಯಿಂಗ್ ತಪ್ಪಿತ್ತು.

ಆರಿದ್ರಾ ಮಳೆ ಹಿಡಿಯಿತು. ಬೋರ್ಡ್ ಮೇಲೆ ತೇವ. ಏನೂ ಮುಟ್ಟದೆ ಇದ್ದರೂ ಒಂದು ಚಾನೆಲ್ (ಒಂದು ಪ್ರೋಬ್‌ಗೆ ಒಂದು ಚಾನೆಲ್) ನಾಲ್ಕೈದು ಡಿಗ್ರಿ ಅತ್ತಿತ್ತ ಹೋಗುತ್ತಿತ್ತು. ಬೆಸುಗೆ ಚೆನ್ನಾಗಿ ಹಿಡಿಯಲು ಹಾಕುವ ಫ್ಲಕ್ಸ್ ಬೋರ್ಡಿನಲ್ಲಿ ಉಳಿದಿದ್ದರೆ ಮಳೆಗಾಲದಲ್ಲಿ ಅದು ನೀರು ಹೀರಿ ಕರೆಂಟ್ ಸೋರಿಸುತ್ತದೆ. ಮೈಕ್ರೋವೋಲ್ಟ್ ಲೆಕ್ಕದಲ್ಲಿ ಅಷ್ಟೇ ಸಾಕು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹಲ್ಲುಜ್ಜುವ ಬ್ರಷ್ ಹಾಕಿ ತೊಳೆದು, ಒಣಗಿಸಿ, ಮೇಲೆ ತೇವ ತಡೆಯುವ ಕನ್ಫಾರ್ಮಲ್ ಕೋಟಿಂಗ್ ಹೊಡೆದೆ. ನಿಂತಿತು. ಮಲೆನಾಡಿನವರು ಈ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳಿ.

ಜುಲೈನಲ್ಲಿ ಅಳಿಯ ತನ್ನ ಎಂಜಿನ್‌ಗೆ ಹಾಕುವಂಥದ್ದೇ ಒಂದು ಪ್ರೋಬ್ ಯಾರದೋ ಕೈಯಲ್ಲಿ ಕಳಿಸಿದ. ಅವನು ಕಾಲೇಜಿಗೆ ಓಡಿಸುತ್ತಿದ್ದ ಹಳೇ ಸ್ಕೂಟರ್ ನನ್ನ ಹಿತ್ತಿಲಲ್ಲಿತ್ತು. ಅದರ ಹೆಡ್‌ಗೆ ಪ್ರೋಬ್ ಬಿಗಿದು ಕಿಕ್ ಹೊಡೆದೆ. ಪರದೆಯ ಮೇಲೆ ಬಿಸಿ ಬರಲಿಲ್ಲ, ಬರೀ 'ಫಾಲ್ಟ್'. ಟೇಬಲ್ ಮೇಲೆ ಸರಿ, ಎಂಜಿನ್ ಮೇಲೆ ಫಾಲ್ಟ್. ಮೂರು ರಾತ್ರಿ ಕೂತೆ. ಕಾರಣ ಇಷ್ಟೇ. ವಿಮಾನದ ಎಷ್ಟೋ ಪ್ರೋಬ್‌ಗಳಲ್ಲಿ ತಂತಿಯ ತುದಿಯನ್ನು ಹೊರಗಿನ ಕವಚಕ್ಕೇ ಬೆಸೆದಿರುತ್ತಾರೆ, ಬಿಸಿ ಬೇಗ ತಿಳಿಯಲಿ ಅಂತ. ಕವಚ ಎಂಜಿನ್‌ಗೆ ತಾಗಿತು, ಎಂಜಿನ್ ಬ್ಯಾಟರಿ ಮೈನಸ್‌ಗೆ. ಈ ಚಿಪ್ ಥರ್ಮೋಕಪಲ್ ಅರ್ಥ್ ಆಗಿರುವುದನ್ನು ಒಪ್ಪುವುದಿಲ್ಲ, ಶಾರ್ಟ್ ಅಂತ ತಿಳಿಯುತ್ತದೆ. ನೀವು ಪ್ರೋಬ್ ಕೊಳ್ಳುವವರಾದರೆ 'ಅನ್‌ಗ್ರೌಂಡೆಡ್' (ತುದಿ ಕವಚಕ್ಕೆ ತಾಗದ್ದು) ಅಂತ ಕೇಳಿ ಕೊಳ್ಳಿ, ಈ ಗೋಳೇ ಇರುವುದಿಲ್ಲ. ನಮ್ಮಲ್ಲಿ ಎಂಟೂ ಪ್ರೋಬ್ (ಹೆಡ್‌ಗೆ ನಾಲ್ಕು, ಹೊಗೆಗೆ ನಾಲ್ಕು) ಅವನು ಆಗಲೇ ಕೊಂಡಿದ್ದ.

ಹಾಗಾಗಿ ಎಂಟು ಚಾನೆಲ್‌ಗೂ ಬೇರೆ ಬೇರೆ ಐಸೊಲೇಟೆಡ್ (ಉಳಿದ ಸರ್ಕ್ಯೂಟಿಗೆ ನೇರ ತಾಗದ) ಪವರ್ ಸಪ್ಲೈ, ಬೇರೆ ಬೇರೆ ಐಸೊಲೇಟರ್ ಚಿಪ್ ಹಾಕಿ ಬೋರ್ಡನ್ನೇ ಹೊಸದಾಗಿ ಮಾಡಿಸಿದೆ. ಮತ್ತೆ ಐದು ವಾರ. ಮತ್ತೆ ಸುಂಕ. ಸ್ಕೂಟರ್ ಹೆಡ್ ಬಿಸಿ ಈಗ ಪರದೆಗೆ ಬಂತು. ಸ್ವಲ್ಪ ಕಮ್ಮಿ ಅನ್ನಿಸಿತು. ಹಳೇ ಎಂಜಿನ್, ಜಾಸ್ತಿ ಓಡಿಸಿಲ್ಲವಲ್ಲ ಅಂತ ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಎಂಟು ಪವರ್ ಸಪ್ಲೈ ಒಟ್ಟಿಗೆ ಬಂದರೆ ರೇಡಿಯೋಗೆ ಗಲಾಟೆ. ವಿಮಾನದ ಮಾತುಕತೆ ನಡೆಯುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ, ಅದೂ ಹಳೇ ಮೀಡಿಯಂ ವೇವ್ ರೇಡಿಯೋ ಥರ ಎಎಂನಲ್ಲಿ. ಎಎಂಗೆ ಇಂಥ ಕಿರಿಕಿರಿ ಬೇಗ ತಾಗುತ್ತದೆ. ಆರ್‌ಟಿಎಲ್-ಎಸ್‌ಡಿಆರ್ ಅನ್ನುವ ರೇಡಿಯೋ ರಿಸೀವರ್ ಡಾಂಗಲ್ ಲ್ಯಾಪ್‌ಟಾಪಿಗೆ ಹಾಕಿ ನನ್ನ ಡಬ್ಬಿಯ ಪಕ್ಕ ಆಂಟೆನಾ ಇಟ್ಟು ನೋಡಿದೆ. ಸಾಲು ಸಾಲು ಗೆರೆ ಎದ್ದು ನಿಂತಿದ್ದವು. ಪ್ಲಾಸ್ಟಿಕ್ ಡಬ್ಬಿ ತೆಗೆದು ಅಲ್ಯೂಮಿನಿಯಂ ಹಾಕಿದೆ. ಈ ಕಿರಿಕಿರಿ ವೈರಿನಲ್ಲಿ ಹೊರಗೆ ಹೋಗದಂತೆ ತಡೆಯಲು ಪವರ್ ಒಳಬರುವ ಕಡೆ ಕಾಮನ್-ಮೋಡ್ ಚೋಕ್, ಪ್ರತಿ ವೈರಿಗೂ ಫೆರೈಟ್. ಗೆರೆಗಳು ಒಂದೊಂದೇ ಕುಗ್ಗಿದವು. 125ರ ಹತ್ತಿರ ಒಂದು ಉಳಿದೇ ಇತ್ತು. ಅದು ಡಿಸ್‌ಪ್ಲೇಯ ರಿಬ್ಬನ್ ಕೇಬಲ್‌ನಿಂದ ಅಂತ ಗೊತ್ತಾಗಲು ಎರಡು ವಾರ ಬೇಕಾಯಿತು. ಕೇಬಲ್ ಗಿಡ್ಡ ಮಾಡಿದೆ, ಹೋಯಿತು.

ವೈರಿನ ವಿಷಯ. ಮನೆ ವೈರಿಂಗ್‌ನ ಪಿವಿಸಿ ವೈರ್ ವಿಮಾನಕ್ಕೆ ಬೇಡ. ಸುಟ್ಟರೆ ವಿಷದ ಹೊಗೆ, ಮತ್ತು ಕಾಕ್‌ಪಿಟ್‌ನಿಂದ ಎದ್ದು ಹೊರಗೆ ಹೋಗಲು ಆಗುವುದಿಲ್ಲ. ಟೆಫ್‌ಜೆಲ್ ಇನ್ಸುಲೇಶನ್‌ನ ವೈರ್ 150 ಡಿಗ್ರಿವರೆಗೆ ತಡೆಯುತ್ತದೆ. ದುಬಾರಿ, ಆದರೂ ಅದನ್ನೇ ತನ್ನಿ. ಕ್ರಿಂಪ್ ಮಾಡುವ, ಅಂದರೆ ವೈರಿಗೆ ಪಿನ್ ಒತ್ತಿ ಕೂರಿಸುವ ಟೂಲ್ ಒಳ್ಳೆಯದೇ ಕೊಳ್ಳಿ. ನನ್ನದಕ್ಕೆ 7,400 ರೂಪಾಯಿ ಆಯಿತು. ಯಾಕೆ ಅಂತ ಕೊಡಚಾದ್ರಿಯಲ್ಲಿ ಕಂಡಿತು, ಮುಂದೆ ಹೇಳುತ್ತೇನೆ.

ನವೆಂಬರ್‌ನಲ್ಲಿ ಅಡಿಕೆ ಸುಗ್ಗಿ. ತೀರ್ಥಹಳ್ಳಿ ಹತ್ತಿರ ನನ್ನ ಹೆಂಡತಿಯ ತವರಿನಲ್ಲಿ ಅಡಿಕೆ ಒಣಗಿಸುವ ಡ್ರೈಯರ್ ಇದೆ. ಬಿಸಿಲಲ್ಲಿ ನಿಂತ ವಿಮಾನದ ಒಳಗೆ ಭಾರಿ ಸೆಕೆ ಇರುತ್ತದೆ, ಅದಕ್ಕೆ ಡಬ್ಬಿ ತಾಳುತ್ತದಾ ನೋಡೋಣ ಅಂತ ತೆಗೆದುಕೊಂಡು ಹೋದೆ. ಡಬ್ಬಿಯನ್ನು ಮೂರು ಗಂಟೆ ಒಳಗಿಟ್ಟೆ, ಏನೂ ಆಗಲಿಲ್ಲ. ಹೊರಗೆ ತಂದು ಆರಲು ಬಿಟ್ಟು, ಬರೀ ವೈರ್ ಕಟ್ಟನ್ನು ಒಳಗಿಡೋಣ ಅನ್ನಿಸಿತು. ಪ್ರೋಬ್ ಸೇರುವ ಜಾಯಿಂಟ್ ಡ್ರೈಯರ್ ಒಳಗೆ, 55 ಡಿಗ್ರಿಯಲ್ಲಿ. ಡಬ್ಬಿ ಹೊರಗೆ ಜಗುಲಿಯಲ್ಲಿ, 27 ಡಿಗ್ರಿ. ಪ್ರೋಬ್ ತುದಿ ಒಲೆಯ ಮೇಲೆ ಕುದಿಯುವ ನೀರಿನಲ್ಲಿ.

ಪರದೆ 42 ಡಿಗ್ರಿ ತೋರಿಸಿತು.

ನೀರು ನನ್ನ ಕಣ್ಣೆದುರು ಕುದಿಯುತ್ತಿದೆ. ಮೀಟರ್ 42 ಅನ್ನುತ್ತಿದೆ. ಕೈಕಾಲು ತಣ್ಣಗಾದವು. ಲೆಕ್ಕ ಹಾಕಿದಾಗ ತಿಳಿಯಿತು. ಜೂನ್‌ನಲ್ಲಿ ನಾನು ಜಾಯಿಂಟ್‌ನಲ್ಲಿ ವೈರ್ ಬದಲಿಸಿದಾಗ ಎಕ್ಸ್‌ಟೆನ್ಶನ್ ವೈರ್ ಎರಡೂ ಕಡೆ ಉಲ್ಟಾ ಆಗಿತ್ತು. ಎರಡು ತಪ್ಪು ಸೇರಿ ಟೇಬಲ್ ಮೇಲೆ ಸರಿಯಾಗಿ ಕಾಣುತ್ತಿತ್ತು, ಯಾಕೆಂದರೆ ಅಲ್ಲಿ ವೈರಿನ ಎರಡೂ ತುದಿ ಒಂದೇ ಬಿಸಿಯಲ್ಲಿರುತ್ತದೆ. ತುದಿಗಳ ನಡುವೆ ವ್ಯತ್ಯಾಸ ಬಂದ ಕೂಡಲೇ ಅದರ ಎರಡರಷ್ಟು ತಪ್ಪು ಕಾಣಿಸುತ್ತದೆ. ಇಲ್ಲಿ ವ್ಯತ್ಯಾಸ 28, ತಪ್ಪು 56. ವಿಮಾನದಲ್ಲಿ ಜಾಯಿಂಟ್ ಇರುವುದು ಬಿಸಿ ಎಂಜಿನ್ ಪಕ್ಕ, ಡಬ್ಬಿ ತಂಪು ಕ್ಯಾಬಿನ್‌ನಲ್ಲಿ. ಈ ಎಂಜಿನ್‌ನ ಸಿಲಿಂಡರ್ ಹೆಡ್‌ಗೆ ಮಿತಿ 260 ಡಿಗ್ರಿ. ಬಾಳಿಕೆ ಬರಬೇಕಾದರೆ ಜೋರಾಗಿ ಓಡಿಸುವಾಗಲೂ 224ರ ಒಳಗೆ ಇರಲಿ ಅನ್ನುತ್ತಾರೆ ತಯಾರಕರು. ಹೆಡ್ 260 ಮುಟ್ಟಿದಾಗ ನನ್ನ ಡಬ್ಬಿ 200 ಅಂತ ತೋರಿಸಿ ಹುಡುಗನನ್ನು ನಿಶ್ಚಿಂತೆಯಾಗಿ ಇಡುತ್ತಿತ್ತು.

ಆ ರಾತ್ರಿ ಊಟ ಸೇರಲಿಲ್ಲ. ಅಕ್ಕನ ಮಾತೇ ಕಿವಿಯಲ್ಲಿ. ಮಾರನೇ ದಿನ ಬೆಳಿಗ್ಗೆಯೇ ಅಳಿಯನಿಗೆ ಎಲ್ಲ ಹೇಳಿದೆ. ಹಳೇ ಡ್ರಾಯಿಂಗ್ ಅಳಿಸು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ, ಡ್ರೈಯರ್‌ನಲ್ಲಿ ಸಿಕ್ಕಿತಲ್ಲ, ಗಾಳಿಯಲ್ಲಿ ಸಿಗಲಿಲ್ಲವಲ್ಲ" ಅಂದ.

ಆದ್ದರಿಂದ ಕೇಳಿ. ಬಣ್ಣ ನಂಬಬೇಡಿ, ಬೇರೆ ದೇಶದ ವೈರಿನಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್ ಕೂಡ ಇರುತ್ತದೆ. ಒಂದು ಸಣ್ಣ ಮ್ಯಾಗ್ನೆಟ್ ಇಟ್ಟುಕೊಳ್ಳಿ. ಕೆ-ಟೈಪ್‌ನ ಮೈನಸ್ ತಂತಿ ಅಲ್ಯೂಮೆಲ್, ಅದು ಮ್ಯಾಗ್ನೆಟ್‌ಗೆ ಅಂಟುತ್ತದೆ. ಪ್ಲಸ್ ತಂತಿ ಅಂಟುವುದಿಲ್ಲ. ಆಮೇಲೆ ಜಾಯಿಂಟ್‌ಗೆ ಮಾತ್ರ ಹೇರ್ ಡ್ರೈಯರ್ ಹಿಡಿದು ನೋಡಿ. ಪ್ರೋಬ್ ತುದಿ ಬಿಸಿ ಬದಲಾಗದೆ ರೀಡಿಂಗ್ ಓಡಿದರೆ ಎಲ್ಲೋ ಉಲ್ಟಾ ಇದೆ. ಎರಡು ನಿಮಿಷದ ಪರೀಕ್ಷೆ. ನನಗೆ ಐದು ತಿಂಗಳು ಹಿಡಿಯಿತು.

ಎಂಟು ಚಾನೆಲ್ ವೈರನ್ನೂ ಬಿಚ್ಚಿ ಹೊಸದಾಗಿ ಕಟ್ಟಿದೆ. ಇನ್ನು ಉಳಿದದ್ದು ಕುಲುಕಾಟ. ವೈಬ್ರೇಶನ್ ಟೇಬಲ್ ತರುವುದೆಲ್ಲಿಂದ? ಆದರೆ ನಮಗೆ ಕೊಡಚಾದ್ರಿ ಜೀಪ್ ರಸ್ತೆ ಇದೆ. ನವೆಂಬರ್ ಕೊನೆಯ ಭಾನುವಾರ ನಿಟ್ಟೂರು ಕಡೆಯಿಂದ ಜೀಪ್ ಹಿಡಿದೆ. ಡ್ರೈವರ್‌ಗೆ ವಿಷಯ ಹೇಳಿ, ಡಬ್ಬಿಯನ್ನು ಹಿಂದಿನ ಸೀಟಿನ ಕಬ್ಬಿಣದ ಪಟ್ಟಿಗೆ ಬೋಲ್ಟ್ ಹಾಕಿ ಬಿಗಿದೆ. "ಇದಕ್ಕೆ ಏನಾದ್ರೂ ಆದ್ರೆ ನಾನು ಜವಾಬ್ದಾರಿ ಅಲ್ಲ ಮಾರಾಯ್ರೆ" ಅಂದರು. ಏನಾದರೂ ಆಗಲಿ ಅಂತಲೇ ಬಂದಿದ್ದೇನೆ ಅಂದೆ.

ಮೇಲೆ 1343 ಮೀಟರ್ ಎತ್ತರದಲ್ಲಿ ಮೊದಲು ಒತ್ತಡ ನೋಡಿದೆ. ಎಂಜಿನ್ ನಿಂತಿದ್ದಾಗ ಮ್ಯಾನಿಫೋಲ್ಡ್ ಸೆನ್ಸರ್ ಹೊರಗಿನ ಗಾಳಿ ಒತ್ತಡವನ್ನೇ ತೋರಿಸಬೇಕು. ಆ ಎತ್ತರಕ್ಕೆ ಲೆಕ್ಕದ ಪ್ರಕಾರ ಸುಮಾರು 862 ಹೆಕ್ಟೊಪಾಸ್ಕಲ್, ವಿಮಾನದವರ ಭಾಷೆಯಲ್ಲಿ 25.5 ಇಂಚು ಪಾದರಸ. ನನ್ನದು 25.4 ತೋರಿಸಿತು. ಶಿವಮೊಗ್ಗದಲ್ಲಿ 28ರ ಹತ್ತಿರ ಇತ್ತು. ಮಂಜು ಸರಿದು ಕೆಳಗಿನ ಕಾಡು ಪೂರ್ತಿ ಕಾಣುತ್ತಿತ್ತು. ಆ ಹೊತ್ತಿಗೆ ಮನಸ್ಸು ಸ್ವಲ್ಪ ಹಗುರವಾಯಿತು.

ಕೆಳಗೆ ಬಂದು ಬಿಚ್ಚಿದಾಗ ಎರಡು ದೋಷ. ಒಂದು, ಶುರುವಿನಲ್ಲಿ ಅಗ್ಗದ ಟೂಲ್‌ನಲ್ಲಿ ಕ್ರಿಂಪ್ ಮಾಡಿದ್ದ ಪಿನ್ ವೈರ್ ಬಿಟ್ಟಿತ್ತು. ಇನ್ನೊಂದು, ನಾನು ಗಟ್ಟಿಯಾಗಲಿ ಅಂತ ಬೆಸುಗೆ ಹಾಕಿದ್ದ ವೈರ್. ಬೆಸುಗೆಯ ಸೀಸ ಎಳೆಗಳ ಒಳಗೆ ಏರಿ ಅಷ್ಟು ಉದ್ದ ಕಡ್ಡಿಯಂತಾಗಿತ್ತು, ಅದು ಮುಗಿಯುವ ಜಾಗದಲ್ಲೇ ತುಂಡಾಗಿತ್ತು. ಹಳೇ ಟೂಲ್‌ನಲ್ಲಿ ಮಾಡಿದ ಪಿನ್‌ಗಳನ್ನೆಲ್ಲ ಕತ್ತರಿಸಿ ಹೊಸ ಟೂಲ್‌ನಲ್ಲಿ ಮಾಡಿದೆ. ಈಗ ಪ್ರತಿ ಪಿನ್ ಕ್ರಿಂಪ್ ಆದ ಮೇಲೆ ಕೈಯಿಂದ ಎಳೆದು ನೋಡುವ ಅಭ್ಯಾಸ ಆಗಿದೆ.

ಖರ್ಚು ಒಟ್ಟು 63,200 ರೂಪಾಯಿ. ಅದರಲ್ಲಿ ಚಿಪ್, ಸೆನ್ಸರ್, ಸುಂಕ ಸೇರಿ 24,600. ಎರಡು ಸಲ ಬೋರ್ಡ್ ಮಾಡಿಸಿದ್ದು 5,200. ವೈರ್ ಮತ್ತು ಕನೆಕ್ಟರ್ 9,800. ಸುಟ್ಟು, ಹಾಳಾಗಿ ಹೋದದ್ದೇ 4,000. ಉಳಿದದ್ದು ಟೂಲ್, ಡಬ್ಬಿ, ಡಿಸ್‌ಪ್ಲೇ, ಓಡಾಟ. ನನ್ನ ಹತ್ತು ತಿಂಗಳ ಸಂಜೆಗಳು ಲೆಕ್ಕದಲ್ಲಿಲ್ಲ. ಹಣ ಉಳಿಸಲು ಅಂತ ಇದಕ್ಕೆ ಇಳಿಯಬೇಡಿ, ಅದಕ್ಕೆ ರೆಡಿ ಡಬ್ಬಿಯೇ ಸರಿ.

ಡಿಸೆಂಬರ್‌ನಲ್ಲಿ ಅಳಿಯ ಊರಿಗೆ ಬಂದವನು ಡಬ್ಬಿ ತೆಗೆದುಕೊಂಡು ಹೋದ. ಸರ್ಕ್ಯೂಟ್ ಡ್ರಾಯಿಂಗ್, ಬಿಡಿಭಾಗಗಳ ಪಟ್ಟಿ, ಫೋಟೋ ಎಲ್ಲ ಒಂದು ಫೈಲ್ ಮಾಡಿ ಕೊಟ್ಟೆ. ಅಲ್ಲಿ ವಿಮಾನ ಕಟ್ಟುವವರು ಪ್ರತಿ ಹಂತದ ದಾಖಲೆ ಇಟ್ಟುಕೊಳ್ಳುತ್ತಾರೆ, ಅವನ ಪುಸ್ತಕಕ್ಕೂ ಅದು ಬೇಕಿತ್ತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ವೈರ್ ತುಂಬಿದ ಡಬ್ಬಿ ನೋಡಿ ನಿಲ್ಲಿಸಿದರಂತೆ. ಅದು ಸಹಜವೇ. ಫೈಲ್ ತೋರಿಸಿದ, ಮುಚ್ಚಳ ತೆಗೆದು ತೋರಿಸಿದ, 40 ನಿಮಿಷದಲ್ಲಿ ಬಿಟ್ಟರು. ಒಳಗಿನ ಸಣ್ಣ ಲಿಥಿಯಂ ಬ್ಯಾಟರಿ ತೆಗೆದು ಬೇರೆಯಾಗಿ ಕೈಚೀಲದಲ್ಲಿ ಇಟ್ಟಿದ್ದು ಒಳ್ಳೆಯದಾಯಿತು. ಮುಚ್ಚಳಕ್ಕೆ ಕೈಯಲ್ಲೇ ತಿರುಗಿಸುವ ಸ್ಕ್ರೂ ಹಾಕಿದ್ದೂ ಕೆಲಸಕ್ಕೆ ಬಂತು, ಸ್ಕ್ರೂಡ್ರೈವರ್ ಅಲ್ಲಿ ಎಲ್ಲಿ ಸಿಗಬೇಕು?

ಭಾನುವಾರದ ಆ ಫೋನ್‌ನಲ್ಲಿ ಅಕ್ಕನೂ ಸಾಗರದಿಂದ ಸೇರಿಕೊಂಡಳು. ಎಂಜಿನ್ ಎರಡು ಸಲ ಕೆಮ್ಮಿ ಹಿಡಿಯಿತು. ಪರದೆಯಲ್ಲಿ ನಾಲ್ಕು ಗೆರೆ ಮೆಲ್ಲಗೆ ಏರತೊಡಗಿದವು. ನಾಲ್ಕು ನಿಮಿಷ ಓಡಿಸಿ ನಿಲ್ಲಿಸಿದ. ಪಕ್ಕದ ಹ್ಯಾಂಗರಿನವರ ಮೀಟರ್ ಒಂದನ್ನು ಮೂರನೇ ಸಿಲಿಂಡರಿಗೆ ಹಿಡಿದ. ಅವರದ್ದು 141, ನಮ್ಮದು 138. ಅಕ್ಕ ಏನೂ ಮಾತಾಡಲಿಲ್ಲ, ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿದ್ದು ಕಂಡಿತು. ಇನ್ನು ತಪಾಸಣೆ ಆಗಬೇಕು, ಅದಾದ ಮೇಲೂ ಮೊದಲ 40 ಗಂಟೆ ಗೊತ್ತುಮಾಡಿದ ಜಾಗದಲ್ಲೇ ಪರೀಕ್ಷೆಗೆ ಹಾರಿಸಬೇಕು.

ಎರಡನೇ ಸಿಲಿಂಡರಿನ ಹೊಗೆ ಬಿಸಿಯ ಗೆರೆ ಮಾತ್ರ ಒಂದು ಸಲ ಕ್ಷಣ ಹೊತ್ತು ಮಾಯವಾಗಿ ಬಂತು. ಯಾವುದೋ ಪಿನ್ ಸರಿಯಾಗಿ ಕೂತಿಲ್ಲ. ಮುಂದಿನ ಶನಿವಾರ ಕನೆಕ್ಟರ್ ಬಿಚ್ಚಿ ಫೋಟೋ ಕಳಿಸುತ್ತಾನೆ. ಅದೇ ಪ್ಯಾಕೆಟ್ಟಿನ ಉಳಿದ ಪಿನ್‌ಗಳಿಗೆ ವೈರ್ ಹಾಕಿ, ನಾನು ಇಲ್ಲಿ ಒಂದೊಂದನ್ನೇ ಎಳೆದು ನೋಡುತ್ತಿದ್ದೇನೆ.